ಮೂರು ಏರ್‌ಲೈನ್, ಮೂರು ಕಡೆ ಚೂರು ಮೈಲ್ಸ್: ಯಾವುದನ್ನು ಇಟ್ಟುಕೊಳ್ಳಲಿ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮನೆ ತ್ಯಾಗರಾಜನಗರದಲ್ಲಿ. ಮಗಳು ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದಾಳೆ. ನಾನು ಮತ್ತು ನನ್ನ ಹೆಂಡತಿ ಎರಡು ವರ್ಷಕ್ಕೊಮ್ಮೆ ಹೋಗಿ ಬರುತ್ತೇವೆ. ನಾಲ್ಕು ವರ್ಷದ ಹಿಂದೆ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್ ಮೇಲೆ, ಎರಡು ವರ್ಷದ ಹಿಂದೆ ಎಮಿರೇಟ್ಸ್‌ನಲ್ಲಿ ದುಬೈ ಮೇಲೆ, ಈ ವರ್ಷ ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ಹೋದೆವು. ಪ್ರತಿ ಸಲವೂ ಮಗಳು ಒಂದೊಂದು ಮೆಂಬರ್ ನಂಬರ್ ಮಾಡಿಸಿದ್ದಾಳೆ. ಹಾರಿದ್ದಕ್ಕೆ ‘ಮೈಲ್ಸ್’ ಎಂಬ ಪಾಯಿಂಟ್ಸ್ ಅದರಲ್ಲಿ ಬೀಳುತ್ತವಂತೆ, ಸಾಕಷ್ಟು ಕೂಡಿದರೆ ಟಿಕೆಟ್ ಸಿಗುತ್ತದಂತೆ. ಮಗ ಮಾರತ್ತಹಳ್ಳಿಯ ಕಂಪನಿಯಲ್ಲಿದ್ದಾನೆ, ತಿಂಗಳಿಗೆ ಎರಡು ಸಲ ದೆಹಲಿಗೆ ಹೋಗುತ್ತಾನೆ. ಅವನಿಗೆ ವಿಸ್ತಾರಾದ ಹಳೇ ಪಾಯಿಂಟ್ಸ್ ಇದ್ದವು. ಈಗ ಬ್ಯಾಂಕಿನವರು ದಿನಾ ಫೋನ್ ಮಾಡಿ ‘ಏರ್ ಮೈಲ್ಸ್ ಕಾರ್ಡ್ ತಗೊಳ್ಳಿ’ ಎನ್ನುತ್ತಿದ್ದಾರೆ. ಯಾವ ಏರ್‌ಲೈನ್‌ನ ಮೈಲ್ಸ್ ಒಳ್ಳೆಯದು? ಇರುವ ಚೂರುಗಳನ್ನೆಲ್ಲ ಕೂಡಿಸಿ ಒಂದು ಟಿಕೆಟ್ ಮಾಡಲು ಬರುತ್ತದೆಯೇ?

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬರುವುದಿಲ್ಲ. ಎಮಿರೇಟ್ಸ್‌ನ ಮೈಲ್ಸನ್ನು ಸಿಂಗಪುರ್ ಏರ್‌ಲೈನ್ಸ್ ಖಾತೆಗೆ ಹಾಕುವುದು ಎಂದರೆ ಒಂದು ಚೀಟಿಗೆ ಕಟ್ಟಿದ ದುಡ್ಡನ್ನು ಇನ್ನೊಬ್ಬರ ಚೀಟಿಯಲ್ಲಿ ಕೇಳಿದ ಹಾಗೆ. ಈ ನಿಯಮಕ್ಕೆ ಹೊರತಾಗಿರುವ ದೊಡ್ಡ ಗುಂಪು ‘ಏವಿಯೋಸ್’. ಬ್ರಿಟಿಷ್ ಏರ್‌ವೇಸ್, ಕತಾರ್ ಏರ್‌ವೇಸ್, ಐಬೀರಿಯಾ, ಫಿನ್‌ಏರ್ ಎಲ್ಲ ಇದೇ ನಾಣ್ಯ ಇಟ್ಟುಕೊಂಡಿವೆ. ಅಲ್ಲಿ ಮಾತ್ರ ಒಂದು ಖಾತೆಯಿಂದ ಇನ್ನೊಂದಕ್ಕೆ ಒಂದಕ್ಕೊಂದರಂತೆ ದಾಟಿಸಬಹುದು. ನಿಮ್ಮ ಮೂರೂ ಅದರಲ್ಲಿಲ್ಲ.

‘ಯಾವುದು ಒಳ್ಳೆಯದು’ ಎಂಬ ಪ್ರಶ್ನೆಗೆ ಬರುವ ಮುಂಚೆ ಒಂದು ಮಾತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಟಿಕೆಟಿಂಗ್ ಕೌಂಟರ್‌ನಲ್ಲಿ ಕೂತವನು ನಾನು. ಜನ ಮೈಲ್ಸನ್ನು ಎಫ್‌ಡಿ ಥರ ನೋಡುತ್ತಾರೆ. ಅದು ಎಫ್‌ಡಿ ಅಲ್ಲ, ಡಬ್ಬದಲ್ಲಿಟ್ಟ ಅಕ್ಕಿ. ಸುಮ್ನೆ ಇಟ್ಟರೆ ಹುಳ ಬೀಳುತ್ತದೆ. ನನಗೇ ಆಗಿದೆ. ಒಂದು ಏರ್‌ಲೈನ್‌ನಲ್ಲಿ ಮೂರು ವರ್ಷ ಕೂಡಿಟ್ಟೆ, ನನ್ನಾಕೆಯನ್ನು ಯುರೋಪಿಗೆ ಕರೆದುಕೊಂಡು ಹೋಗೋಣ ಅಂತ. ಇನ್ನೇನು ನಾಲ್ಕು ಸಾವಿರ ಮೈಲ್ಸ್ ಬಾಕಿ ಇತ್ತು. ಒಂದು ಬೆಳಿಗ್ಗೆ ಮೇಲ್ ಬಂತು: ‘ನಿಮ್ಮ ಅನುಭವವನ್ನು ಇನ್ನಷ್ಟು ಸುಂದರಗೊಳಿಸಲು ದರಪಟ್ಟಿ ಪರಿಷ್ಕರಿಸಿದ್ದೇವೆ.’ ನಾಲ್ಕು ಸಾವಿರ ಇದ್ದ ಬಾಕಿ ಇಪ್ಪತ್ತೆರಡು ಸಾವಿರವಾಯಿತು. ಕೇಳಲು ಹೋದರೆ, ನಿಯಮ ಬದಲಿಸುವ ಹಕ್ಕು ನಮ್ಮದು ಅಂತ ಸಣ್ಣ ಅಕ್ಷರದಲ್ಲಿ ಮೊದಲೇ ಬರೆದಿದ್ದೇವಲ್ಲ ಎಂದರು. ಬರೆದಿದ್ದರು, ನಿಜ.

ಮೈಲ್ಸ್ ಎಂಬ ಹೆಸರೂ ಈಗ ಹೆಸರಿಗಷ್ಟೇ. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ‘ಅಡ್ವಾಂಟೇಜ್’ ಎಂಬ ಮೈಲ್ಸ್ ಯೋಜನೆ ಶುರುಮಾಡಿದಾಗ ಹಾರಿದ ದೂರವೇ ಲೆಕ್ಕ. ಎಷ್ಟು ಮೈಲಿಯೋ ಅಷ್ಟು ಮೈಲ್ಸ್. 2015ರಲ್ಲಿ ಅಮೆರಿಕದವೇ ಆದ ಡೆಲ್ಟಾ, ಯುನೈಟೆಡ್ ಎರಡೂ ದೂರ ಬಿಟ್ಟು ಕೊಟ್ಟ ದುಡ್ಡಿನ ಮೇಲೆ ಲೆಕ್ಕ ಹಾಕತೊಡಗಿದವು. ನಮ್ಮ ಏರ್ ಇಂಡಿಯಾ 2024ರ ಏಪ್ರಿಲ್‌ನಲ್ಲಿ ಅದೇ ದಾರಿ ಹಿಡಿಯಿತು. ಇಂಡಿಗೋ ತನ್ನ ‘ಬ್ಲೂಚಿಪ್’ ಯೋಜನೆ ತಂದಾಗಲೂ ರೂಪಾಯಿ ಲೆಕ್ಕವೇ.

ಇದು ನಿಮ್ಮ ಮಗನಿಗೆ ಅನುಕೂಲ. ಬೆಂಗಳೂರಿನಿಂದ ದೆಹಲಿಗೆ ಹತ್ತಿರ ಹತ್ತಿರ 1,700 ಕಿಲೋಮೀಟರ್. ದೂರದ ಲೆಕ್ಕವಾದರೆ ಪ್ರತಿ ಸಲವೂ ಅಷ್ಟೇ. ದುಡ್ಡಿನ ಲೆಕ್ಕದಲ್ಲಿ, ‘ನಾಳೆ ಬೆಳಿಗ್ಗೆ ಮೀಟಿಂಗ್ ಇದೆ, ಹೊರಡು’ ಅಂತ ಕಂಪನಿ ಹನ್ನೆರಡು ಸಾವಿರ ಕೊಟ್ಟು ತೆಗೆಸುವ ಟಿಕೆಟ್‌ಗೆ, ತಿಂಗಳ ಮುಂಚೆ ಐದು ಸಾವಿರಕ್ಕೆ ತೆಗೆಸಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಪಾಯಿಂಟ್ಸ್ ಬೀಳುತ್ತದೆ. ದುಡ್ಡು ಕಂಪನಿಯದು, ಪಾಯಿಂಟ್ಸ್ ಹಾರಿದವನದು. ಬಹುತೇಕ ಕಂಪನಿಗಳು ಇದಕ್ಕೆ ತಕರಾರು ಮಾಡುವುದಿಲ್ಲ. ಆದರೂ ಒಂದು ಸಲ ಎಚ್‌ಆರ್ ನಿಯಮ ನೋಡಿಕೊಳ್ಳಲಿ. ಕಂಪನಿಯ ಟ್ರಾವೆಲ್ ಡೆಸ್ಕ್‌ನವರಿಗೆ ಅವನ ಮೆಂಬರ್ ನಂಬರ್ ಕೊಟ್ಟು ಪ್ರೊಫೈಲ್‌ನಲ್ಲಿ ಹಾಕಿಸಿದರೆ ಪ್ರತಿ ಸಲ ನೆನಪಿಸುವ ಕೆಲಸ ಇರುವುದಿಲ್ಲ.

ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿತು. ‘ಕ್ಲಬ್ ವಿಸ್ತಾರಾ’ ಖಾತೆಗಳೂ ಆ ಕಡೆಗೇ ಹೋದವು. ಏರ್ ಇಂಡಿಯಾದ ಹಳೆಯ ‘ಫ್ಲೈಯಿಂಗ್ ರಿಟರ್ನ್ಸ್’ಗೆ ಈಗ ‘ಮಹಾರಾಜ ಕ್ಲಬ್’ ಎಂದು ಹೆಸರು. ಹಳೇ ಮೇಲ್ ಐಡಿಯಲ್ಲೇ ಲಾಗಿನ್ ಆಗಿ ನೋಡಲಿ. ಎರಡು ಖಾತೆ ಕಾಣಿಸಿದರೆ ಸೇರಿಸಿಕೊಡಿ ಅಂತ ಬರೆದು ಕೇಳಬೇಕು. ಇದನ್ನು ಮುಂದಕ್ಕೆ ಹಾಕಬಾರದು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್ ಹಾರಾಟ ನಿಂತಾಗ ಈ ಊರಿನಲ್ಲಿ ಎಷ್ಟು ಜನ ಬೆಳ್ಳಿ ಬಂಗಾರದ ಬಣ್ಣದ ಮೆಂಬರ್ ಕಾರ್ಡುಗಳನ್ನು ಪರ್ಸ್‌ನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು, ನೆನಪಿದೆ ಅಲ್ವಾ?

ಇಂಡಿಗೋನೋ ಏರ್ ಇಂಡಿಯಾನೋ ಎಂದರೆ, ಕಂಪನಿ ಯಾವುದರಲ್ಲಿ ಟಿಕೆಟ್ ಮಾಡಿಸುತ್ತದೋ ಅದು. ಪಾಯಿಂಟ್ಸ್‌ಗೋಸ್ಕರ ಬೆಳಗಿನ ಜಾವ ಮೂರಕ್ಕೆ ವಾಯು ವಜ್ರ ಬಸ್ ಹಿಡಿದು ದೇವನಹಳ್ಳಿಗೆ ಓಡುವುದು ಹುಚ್ಚು. ಎರಡರಲ್ಲೂ ಒಂದೇ ಸಮಯಕ್ಕೆ, ಒಂದೇ ಬೆಲೆಗೆ ಸಿಕ್ಕಿದರೆ ಮಾತ್ರ ನಾನು ಏರ್ ಇಂಡಿಯಾ ಎನ್ನುತ್ತೇನೆ. ಅದು 2014ರಿಂದ ಸ್ಟಾರ್ ಅಲಯನ್ಸ್ ಎಂಬ ಏರ್‌ಲೈನ್‌ಗಳ ದೊಡ್ಡ ಕೂಟದಲ್ಲಿದೆ. ಜಾಸ್ತಿ ಹಾರಿ ಅಲ್ಲಿ ‘ಗೋಲ್ಡ್’ ದರ್ಜೆಗೆ ಏರಿದವನಿಗೆ ಲುಫ್ತಾನ್ಸಾ, ಸಿಂಗಪುರ್ ಏರ್‌ಲೈನ್ಸ್ ಹತ್ತುವಾಗಲೂ ಲೌಂಜ್ ಸಿಗುತ್ತದೆ, ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು, ಹೆಚ್ಚುವರಿ ಲಗೇಜೂ ಉಂಟು. ಇಂಡಿಗೋ ಯಾವ ಕೂಟದಲ್ಲೂ ಇಲ್ಲ. ಅದರ ಪಾಯಿಂಟ್ಸ್ ಮುಖ್ಯವಾಗಿ ಅದರದೇ ಟಿಕೆಟ್‌ಗೆ. ಹುಬ್ಬಳ್ಳಿಗೋ ಮಂಗಳೂರಿಗೋ ಹಬ್ಬಕ್ಕೆ ಹೋಗಿಬರುವ ಮನೆಯವರಿಗೆ ಅದೂ ಸಾಕು.

ಈಗ ನಿಮ್ಮಿಬ್ಬರ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಮೇಷ್ಟ್ರಿಗೆ ಲೆಕ್ಕ ಬೇಜಾರಾಗಲಾರದು.

ಬೆಂಗಳೂರಿನಿಂದ ಸಿಂಗಪುರಕ್ಕೆ ಹತ್ತಿರ ಹತ್ತಿರ 2,000 ಮೈಲಿ. ಅಲ್ಲಿಂದ ಮಗಳ ಊರಿನ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೋಗೆ 8,400 ಚಿಲ್ಲರೆ. ಹೋಗಿ ಬಂದರೆ 20,000 ದಾಟುತ್ತದೆ. ಇಷ್ಟೂ ನಿಮಗೆ ಸಿಗುತ್ತದೆ ಎಂದುಕೊಂಡರೆ ತಪ್ಪು. ಟಿಕೆಟ್‌ನಲ್ಲಿ ‘ಎಕಾನಮಿ’ ಎಂಬ ಪದದ ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ: ಕೆ, ವಿ, ಕ್ಯೂ, ಎಲ್ ಹೀಗೆ. ಪಕ್ಕಪಕ್ಕದ ಸೀಟಿನಲ್ಲಿ ಕೂತು ಅದೇ ಉಪ್ಪಿಟ್ಟು ತಿಂದ ಇಬ್ಬರಲ್ಲಿ ಒಬ್ಬರಿಗೆ ಪೂರ್ತಿ, ಇನ್ನೊಬ್ಬರಿಗೆ ಅರ್ಧ ಮೈಲ್ಸ್ ಬೀಳುವುದು ಈ ಅಕ್ಷರದಿಂದ. ಮಗಳು ಆಫರ್ ನೋಡಿ ಅಗ್ಗದ್ದನ್ನೇ ತೆಗೆಸುತ್ತಾಳೆ, ತೆಗೆಸಲೂ ಬೇಕು. ಆಗ ಅರ್ಧ ಸಿಕ್ಕಿತು ಎಂದಿಟ್ಟುಕೊಳ್ಳಿ. ಒಬ್ಬರಿಗೆ ಹತ್ತು ಸಾವಿರದ ಆಸುಪಾಸು.

ಸಿಂಗಪುರ್ ಏರ್‌ಲೈನ್ಸ್‌ನ ‘ಕ್ರಿಸ್‌ಫ್ಲೈಯರ್’ ಮೈಲ್ಸ್‌ಗೆ ಆಯಸ್ಸು ಮೂರು ವರ್ಷ. ಮಧ್ಯೆ ಒಂದು ಸಲ ಹಾರಿದರೂ ಹಳೆಯವು ಬದುಕಿಕೊಳ್ಳುವುದಿಲ್ಲ. ಒಂದಿಷ್ಟು ಶುಲ್ಕ ಕೊಟ್ಟರೆ ಆರು ತಿಂಗಳು ಮುಂದಕ್ಕೆ ಹಾಕುತ್ತಾರೆ, ಅಷ್ಟೇ. ನೀವು ಹೋಗುವುದು ಎರಡು ವರ್ಷಕ್ಕೊಮ್ಮೆ. ಅಂದರೆ ಈ ವರ್ಷದ ಮೈಲ್ಸೂ ಮುಂದಿನ ಪ್ರವಾಸದ ಮೈಲ್ಸೂ ಒಟ್ಟಿಗೆ ಖಾತೆಯಲ್ಲಿ ಇರುವುದು ಒಂದೇ ಒಂದು ವರ್ಷ. ಆ ವರ್ಷದೊಳಗೆ ಖರ್ಚು ಮಾಡದಿದ್ದರೆ ಮೊದಲಿನದು ಹೋಯಿತು. ಲುಫ್ತಾನ್ಸಾದ ‘ಮೈಲ್ಸ್ ಅಂಡ್ ಮೋರ್’ ಕೂಡ 36 ತಿಂಗಳಿನದ್ದೇ. ನಿಮ್ಮ ಫ್ರಾಂಕ್‌ಫರ್ಟ್ ಪ್ರವಾಸದ ಮೈಲ್ಸ್ ಮುಗಿದುಹೋದ ಕಥೆ, ಅದನ್ನು ಮರೆತುಬಿಡಿ.

ಹಾಗಾದರೆ ಏನು ಮಾಡುವುದು? ಅಪರೂಪಕ್ಕೆ ದೂರ ಹಾರುವವರಿಗೆ ಬೇಗ ಬೆಳೆಯುವ ಖಾತೆಗಿಂತ ಸಾಯದ ಖಾತೆ ಮುಖ್ಯ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ‘ಮೈಲೇಜ್‌ಪ್ಲಸ್’ ಮೈಲ್ಸ್‌ಗೆ 2019ರಿಂದ ಅವಧಿ ಮುಗಿಯುವ ತಾಪತ್ರಯ ಇಲ್ಲ. ಯುನೈಟೆಡ್ ವಿಮಾನವೇ ಹತ್ತಬೇಕು ಅಂತ ಏನಿಲ್ಲ. ಅದೂ ಸ್ಟಾರ್ ಅಲಯನ್ಸ್‌ನಲ್ಲಿದೆ. ಸಿಂಗಪುರ್ ಏರ್‌ಲೈನ್ಸ್, ಲುಫ್ತಾನ್ಸಾ, ಏರ್ ಇಂಡಿಯಾ ಯಾವುದರಲ್ಲಿ ಹೋದರೂ ಬುಕ್ ಮಾಡುವಾಗ ಯುನೈಟೆಡ್ ನಂಬರ್ ಹಾಕಬಹುದು. ಒಂದು ಪ್ರಯಾಣಕ್ಕೆ ಒಂದೇ ನಂಬರ್, ಎರಡು ಕಡೆ ಹಾಕಲು ಬರುವುದಿಲ್ಲ. ಇಲ್ಲಿಯ ತೊಡಕು ಅದೇ ಅಕ್ಷರದ್ದು. ಬೇರೆ ಏರ್‌ಲೈನ್‌ನ ತೀರಾ ಅಗ್ಗದ ದರ್ಜೆಗೆ ಕಾಲು ಭಾಗ ಮಾತ್ರ ಕೊಡುವುದುಂಟು, ಏನೂ ಕೊಡದಿರುವುದೂ ಉಂಟು. ಯುನೈಟೆಡ್‌ನ ವೆಬ್‌ಸೈಟ್‌ನಲ್ಲಿ ಒಂದೊಂದು ಏರ್‌ಲೈನ್‌ಗೂ ಪಟ್ಟಿ ಇದೆ. ಟಿಕೆಟ್ ತೆಗೆಸುವ ಮುಂಚೆ ಮಗಳು ಎರಡು ನಿಮಿಷ ಅದನ್ನು ನೋಡಲಿ. ಅರ್ಧಕ್ಕಿಂತ ಜಾಸ್ತಿ ಸಿಗುವಂತಿದ್ದರೆ ಯುನೈಟೆಡ್ ನಂಬರ್, ಇಲ್ಲದಿದ್ದರೆ ಹಾರುವ ಏರ್‌ಲೈನ್‌ನ ನಂಬರ್. ನಿಮ್ಮ ಮನೆಗೆ ಇನ್ನೊಂದು ಅನುಕೂಲವಿದೆ. ಮಗಳು ಅಲ್ಲೇ ಇರುವವಳು. ಅವಳೂ ಯುನೈಟೆಡ್‌ನಲ್ಲೇ ಕೂಡಿಸಿದರೆ, ಅವಳ ಮೈಲ್ಸ್‌ನಿಂದ ನೇರವಾಗಿ ಅಪ್ಪ ಅಮ್ಮನ ಹೆಸರಿಗೆ ಟಿಕೆಟ್ ಹೊಡೆಸಬಹುದು. ಖಾತೆ ಒಬ್ಬರದು, ಪ್ರಯಾಣಿಕರು ಬೇರೆಯವರು ಆದರೂ ನಡೆಯುತ್ತದೆ. ಕ್ರಿಸ್‌ಫ್ಲೈಯರ್‌ನಲ್ಲಿ ಹಾಗಲ್ಲ. ಮೊದಲೇ ಐದು ಜನರವರೆಗೆ ಹೆಸರು ನೋಂದಾಯಿಸಿರಬೇಕು. ಅವರಿಗೆ ಮಾತ್ರ.

ಯುನೈಟೆಡ್ ಕೂಡ ಯಾವ ಟಿಕೆಟ್‌ಗೆ ಎಷ್ಟು ಮೈಲ್ಸ್ ಎಂಬ ನಿಗದಿತ ದರಪಟ್ಟಿ ಇಟ್ಟಿಲ್ಲ. ಇವತ್ತು ಒಂದು, ನಾಳೆ ಇನ್ನೊಂದು. ಸಾಯದಿದ್ದರೂ ಸವೆಯುತ್ತದೆ.

ಮೈಲ್ಸ್ ಟಿಕೆಟ್ ಎಂದರೆ ‘ಫ್ರೀ’ ಎನ್ನುವ ಭ್ರಮೆಯೂ ಬೇಡ. ಕೌಂಟರ್‌ನಲ್ಲಿದ್ದಾಗ ಮಲ್ಲೇಶ್ವರದ ಒಬ್ಬ ದಂಪತಿ ಬಂದಿದ್ದರು. ಲಂಡನ್‌ಗೆ ಇಬ್ಬರಿಗೂ ಮೈಲ್ಸ್‌ನಲ್ಲಿ ಟಿಕೆಟ್. ಸೀಟೂ ಇತ್ತು. ಕೊನೆಯ ಪುಟದಲ್ಲಿ ತೆರಿಗೆ ಮತ್ತು ಏರ್‌ಲೈನ್‌ನ ಸರ್‌ಚಾರ್ಜ್ ಅಂತ ಒಬ್ಬೊಬ್ಬರಿಗೆ ಮೂವತ್ತು ಸಾವಿರ ದಾಟಿತು. ಆ ವಾರ ದುಡ್ಡು ಕೊಟ್ಟೇ ತೆಗೆದರೆ ಟಿಕೆಟ್ ನಲವತ್ತೆಂಟಕ್ಕೆ ಇತ್ತು. ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಪರದೆ ನೋಡಿದರು. ಅಂಕಿ ಬದಲಾಗಲಿಲ್ಲ. ಸಿಂಗಪುರ್ ಏರ್‌ಲೈನ್ಸ್ ತನ್ನದೇ ವಿಮಾನಗಳ ಮೈಲ್ಸ್ ಟಿಕೆಟ್‌ಗೆ ಇಂಧನ ಸರ್‌ಚಾರ್ಜ್ ಹಾಕುವುದನ್ನು 2017ರಲ್ಲಿ ನಿಲ್ಲಿಸಿತು, ಯುನೈಟೆಡ್ ಕೂಡ ಹಾಕುವುದಿಲ್ಲ. ನಾನು ಇವೆರಡರ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಖರ್ಚು ಮಾಡುವ ಮುಂಚೆ ಒಂದು ಭಾಗಾಕಾರ ಮಾಡಿ. ದುಡ್ಡಿಗೆ ಸಿಗುವ ಬೆಲೆಯಲ್ಲಿ ಮೈಲ್ಸ್ ಟಿಕೆಟ್‌ಗೆ ಕೈಯಿಂದ ಕೊಡಬೇಕಾದ್ದನ್ನು ಕಳೆಯಿರಿ, ಉಳಿದದ್ದನ್ನು ಬೇಕಾದ ಮೈಲ್ಸ್‌ನಿಂದ ಭಾಗಿಸಿ. ಟಿಕೆಟ್ 28,000, ಕೈಯಿಂದ 6,000, ಮೈಲ್ಸ್ 30,000 ಎಂದಿಟ್ಟುಕೊಂಡರೆ ಒಂದು ಮೈಲ್‌ಗೆ 73 ಪೈಸೆ. ನನ್ನ ಲೆಕ್ಕದಲ್ಲಿ ಎಕಾನಮಿಗೆ ಅರವತ್ತು ಪೈಸೆ ದಾಟಿದರೆ ಖರ್ಚು ಮಾಡಬಹುದು. ಬಿಸಿನೆಸ್ ಕ್ಲಾಸ್‌ನಲ್ಲಿ ಇದು ಎರಡು ರೂಪಾಯಿಯೂ ಆಗುತ್ತದೆ. ಮೈಲ್ಸ್ ಕೊಟ್ಟು ಮಿಕ್ಸಿ, ಸೂಟ್‌ಕೇಸ್, ವೋಚರ್ ತಗೊಳ್ಳಿ ಅಂತ ಮೇಲ್ ಬರುತ್ತದೆ. ಅದೇ ಭಾಗಾಕಾರ ಮಾಡಿ ನೋಡಿ, ಇಪ್ಪತ್ತು ಮೂವತ್ತು ಪೈಸೆಗೆ ಇಳಿದಿರುತ್ತದೆ.

ಬ್ಯಾಂಕಿನ ಕಾರ್ಡ್‌ಗೂ ಇದೇ ಲೆಕ್ಕ. ತಿಂಗಳಿಗೆ ನಿಮ್ಮ ಮನೆ ಖರ್ಚು ಕಾರ್ಡ್ ಮೇಲೆ ಮೂವತ್ತು ಸಾವಿರ ಎನ್ನೋಣ. ನೂರು ರೂಪಾಯಿಗೆ ಎರಡು ಮೈಲ್ಸ್ ಕೊಡುವ ಕಾರ್ಡಾದರೆ ವರ್ಷಕ್ಕೆ 7,200 ಮೈಲ್ಸ್. ಅರವತ್ತು ಪೈಸೆಯಂತೆ 4,320 ರೂಪಾಯಿ. ಕಾರ್ಡ್‌ನ ವಾರ್ಷಿಕ ಶುಲ್ಕ 5,000 ಇದ್ದರೆ, ಶೇ 18 ಜಿಎಸ್‌ಟಿ ಸೇರಿ 5,900. ಬ್ಯಾಂಕಿಗೆ ನಾವೇ 1,580 ರೂಪಾಯಿ ಕೊಟ್ಟ ಹಾಗಾಯಿತು. ಇದರ ಮೇಲೆ ಬಾಡಿಗೆ, ಪೆಟ್ರೋಲ್, ವ್ಯಾಲೆಟ್‌ಗೆ ಹಾಕಿದ ದುಡ್ಡು ಇವಕ್ಕೆಲ್ಲ ಎಷ್ಟೋ ಕಾರ್ಡುಗಳಲ್ಲಿ ಪಾಯಿಂಟ್ಸ್ ಇಲ್ಲ. ಒಂದು ತಿಂಗಳು ಬಿಲ್ ಕಟ್ಟಲು ಮರೆತರೆ ಬಡ್ಡಿ ತಿಂಗಳಿಗೆ ಶೇ 3.75ರವರೆಗೂ ಹೋಗುತ್ತದೆ. ಪಿಂಚಣಿಯಲ್ಲಿ ಅಚ್ಚುಕಟ್ಟಾಗಿ ಇರುವವರಿಗೆ ಈ ತಲೆನೋವು ಯಾಕೆ? ಆ ಫೋನ್ ಕಟ್ ಮಾಡಿ. ‘ಇವತ್ತು ರಾತ್ರಿ ನಿಮ್ಮ ಮೈಲ್ಸ್ ಮುಗಿಯುತ್ತೆ, ಓಟಿಪಿ ಹೇಳಿ’ ಎಂದರಂತೂ ಮಾತೇ ಆಡಬೇಡಿ.

ಮಗನ ಖರ್ಚು ಜಾಸ್ತಿ ಇದ್ದರೆ ಅವನಿಗೆ ಕಾರ್ಡ್ ಲಾಭವಾಗಬಹುದು. ಅವನಿಗೆ ನನ್ನ ಸಲಹೆ: ಒಂದೇ ಏರ್‌ಲೈನ್‌ನ ಹೆಸರಿರುವ ಕಾರ್ಡ್ ಬೇಡ. ಹಲವು ಏರ್‌ಲೈನ್‌ಗೆ ಪಾಯಿಂಟ್ಸ್ ದಾಟಿಸುವ ಕಾರ್ಡ್ ತಗೊಳ್ಳಲಿ. ಸೀಟ್ ಇದೆ ಎಂದು ಕಣ್ಣಾರೆ ನೋಡುವವರೆಗೆ ಪಾಯಿಂಟ್ಸ್ ಬ್ಯಾಂಕಿನಲ್ಲೇ ಇರಲಿ. ಆ ಕಡೆ ದಾಟಿಸಿದ ಮೇಲೆ ಈ ಕಡೆ ವಾಪಸ್ ಬರುವುದಿಲ್ಲ.

ಸೀಟ್ ಸಿಗುವುದೂ ಸುಲಭವಲ್ಲ. ದೊಡ್ಡ ಏರ್‌ಲೈನ್‌ಗಳು ಹೊರಡುವ ದಿನಕ್ಕೆ ಹನ್ನೊಂದು ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತವೆ. ಮೊಮ್ಮಕ್ಕಳ ಬೇಸಿಗೆ ರಜೆಗೆಂದು ಜೂನ್‌ನಲ್ಲಿ ಹೋಗುವುದಾದರೆ ಹಿಂದಿನ ಜುಲೈಯಲ್ಲೇ ನೋಡಲು ಶುರುಮಾಡಿ. ಯುಗಾದಿ ಮುಗಿಸಿಕೊಂಡು ನೋಡೋಣ ಎಂದರೆ ಕೆಲಸ ಕೆಟ್ಟಿತು. ಇನ್ನೊಂದು, ಟೂರ್ ಕಂಪನಿಗಳ ಗುಂಪು ಟಿಕೆಟ್‌ಗೆ ಸಾಮಾನ್ಯವಾಗಿ ಮೈಲ್ಸೇ ಬೀಳುವುದಿಲ್ಲ. ಯುರೋಪ್ ಟೂರ್‌ಗೆ ಹೋಗಿ ಬಂದು ‘ನನ್ನ ಮೈಲ್ಸ್ ಎಲ್ಲಿ’ ಎಂದು ಕೇಳುವವರಿಗೆ ಎಷ್ಟು ಸಲ ಇದನ್ನು ಹೇಳಿದ್ದೇನೋ.

ಇಷ್ಟೆಲ್ಲಕ್ಕಿಂತ ಮೊದಲು ನೀವು ಮಾಡಬೇಕಾದ ಕೆಲಸ ಬೇರೆ ಇದೆ, ಹೆಸರು ಸರಿಮಾಡಿಸುವುದು. ನಮ್ಮವರ ಮೈಲ್ಸ್ ಜಾಸ್ತಿ ಕಳೆದುಹೋಗುವುದು ಇಲ್ಲೇ. ಶ್ರೀನಿವಾಸ ಮೂರ್ತಿ ಕೆ.ಎಸ್. ಎಂದಿಟ್ಟುಕೊಳ್ಳಿ. ಕೆ ಎಂದರೆ ಊರು, ಎಸ್ ಎಂದರೆ ಅಪ್ಪ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಅಥವಾ ಊರಿನ ಹೆಸರು ಇಡೀ ಬಿಡಿಸಿ ಬರೆದಿರುತ್ತಾರೆ. ಏರ್‌ಲೈನ್‌ನ ಫಾರಂ ಸರ್‌ನೇಮ್ ಇಲ್ಲದೆ ಮುಂದಕ್ಕೆ ಬಿಡುವುದಿಲ್ಲ. ಮಗಳು ಒಂದು ಕಡೆ ‘ಮೂರ್ತಿ’ ಹಾಕುತ್ತಾಳೆ, ಇನ್ನೊಂದು ಕಡೆ ಹೆಸರನ್ನೇ ಎರಡು ಸಲ ಬರೆಯುತ್ತಾಳೆ. ಟಿಕೆಟ್‌ನ ಹೆಸರಿಗೂ ಖಾತೆಯ ಹೆಸರಿಗೂ ತಾಳೆಯಾಗದಿದ್ದರೆ ಮೈಲ್ಸ್ ಬೀಳುವುದಿಲ್ಲ, ಯಾರೂ ನಿಮಗೆ ತಿಳಿಸುವುದೂ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಅದೇ ಕ್ರಮದಲ್ಲಿ ಟಿಕೆಟ್, ಅದೇ ಕ್ರಮದಲ್ಲಿ ಖಾತೆ. ಖಾತೆಯಲ್ಲಿ ತಪ್ಪಿದ್ದರೆ ಪಾಸ್‌ಪೋರ್ಟ್ ಪ್ರತಿ ಕಳಿಸಿ ತಿದ್ದಿಸಿ. ಮೊದಲು ನಿಮ್ಮ ಕ್ರಿಸ್‌ಫ್ಲೈಯರ್ ಖಾತೆ ತೆರೆದು ಈ ವರ್ಷದ ನಾಲ್ಕು ಹಾರಾಟಗಳೂ ಬಂದಿವೆಯೇ ಎಣಿಸಿ.

ಬಂದಿಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಬಹುದು, ಆದರೆ ತಿಂಗಳುಗಳ ಗಡುವು ಇರುತ್ತದೆ. ಅದಕ್ಕೆ ಟಿಕೆಟ್ ನಂಬರ್ ಬೇಕು. ಪಿಎನ್‌ಆರ್ ಅಲ್ಲ, ಹದಿಮೂರು ಅಂಕಿಯ ನಂಬರ್. ಮೊದಲ ಮೂರು ಅಂಕಿ ಏರ್‌ಲೈನ್‌ನ ಗುರುತು: ಏರ್ ಇಂಡಿಯಾದ್ದು 098, ಸಿಂಗಪುರ್ ಏರ್‌ಲೈನ್ಸ್‌ದು 618. ಜೊತೆಗೆ ಬೋರ್ಡಿಂಗ್ ಪಾಸ್. ನಮ್ಮ ಮನೆಗಳಲ್ಲಿ ಅದನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಇಡುತ್ತಾರೆ. ಆ ಕಾಗದದ ಅಚ್ಚು ಶಾಯಿಯದ್ದಲ್ಲ, ಶಾಖದ್ದು. ಕಿಟಕಿ ಬಿಸಿಲಿಗೆ ನಾಲ್ಕೈದು ತಿಂಗಳಲ್ಲಿ ಅಕ್ಷರವೆಲ್ಲ ಹಾರಿ ಬರೀ ಬಿಳಿ ಚೀಟಿ ಉಳಿಯುತ್ತದೆ. ಇಳಿದ ದಿನವೇ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ.

ಕೊನೆಗೆ ಉಳಿದದ್ದು ನಿಮ್ಮ ಎಮಿರೇಟ್ಸ್ ಮೈಲ್ಸ್. ‘ಸ್ಕೈವರ್ಡ್ಸ್’ಗೂ ಆಯಸ್ಸು ಮೂರು ವರ್ಷವೇ. ಕುಟುಂಬದ ಎಂಟು ಜನರವರೆಗೆ ಒಂದೇ ಗುಂಪು ಮಾಡಿ ಮೈಲ್ಸ್ ಒಟ್ಟುಗೂಡಿಸಬಹುದು. ದುಡ್ಡಿನ ಜೊತೆ ಮೈಲ್ಸ್ ಬೆರೆಸಿ ಟಿಕೆಟ್ ತೆಗೆಯಲೂ ಬರುತ್ತದೆ, ಅದಕ್ಕೆ 2,000 ಮೈಲ್ಸ್ ಇದ್ದರೂ ಸಾಕು. ಮನೆಯಲ್ಲಿ ಯಾರಾದರೂ ಈ ವರ್ಷ ದುಬೈ ಕಡೆ ಹೋಗುವವರಿದ್ದರೆ ಅವರ ಟಿಕೆಟ್‌ಗೆ ಹಾಕಿ ಮುಗಿಸಿಬಿಡಿ. ಆ ಮೈಲ್ಸ್ ಮುಗಿಯುವುದು ನಿಮ್ಮ ಹುಟ್ಟಿದ ತಿಂಗಳ ಕೊನೆಯ ದಿನ. ಅದೂ ನಿಮ್ಮ ತಾಯಿ ಹೇಳುತ್ತಿದ್ದ ಹುಟ್ಟಿದ ತಿಂಗಳಲ್ಲ, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರ್ ತಮಗೆ ತೋಚಿದಂತೆ ಬರೆದು, ಈಗ ಪಾಸ್‌ಪೋರ್ಟ್‌ನಲ್ಲಿ ಕೂತಿರುವ ತಾರೀಖಿನದು. ಜೂನ್ ಒಂದು ಇರಬೇಕು, ಅಲ್ವಾ?